ಲೆಕ್ಕಕ್ಕೆ ಸಿಗದ ಹೊಗೆ

ಎರಡನೇ ಪಿಯುಸಿ ಫಿಸಿಕ್ಸ್‌ನಲ್ಲಿ ದ್ರವ್ಯರಾಶಿ ಮತ್ತು ಶಕ್ತಿ ಬೇರೆಬೇರೆಯಲ್ಲ ಎಂದು ಹೇಳುವ ಪಾಠ ಒಂದಿದೆ. ಅದನ್ನು ಶುರುಮಾಡುವ ದಿನ ಕ್ಲಾಸಿನೊಳಗೆ ಕಾಲಿಟ್ಟ ಕೂಡಲೇ ನನ್ನ ಕಣ್ಣು ಕೊನೆಯ ಬೆಂಚಿಗೆ, ಕಿಟಕಿ ಪಕ್ಕದ ಜಾಗಕ್ಕೆ ಹೋಗುತ್ತದೆ. ಈ ವರ್ಷವೂ ಹೋಯಿತು. ಅಲ್ಲಿ ಯಾವುದೋ ಹುಡುಗಿಯ ಬ್ಯಾಗು, ಅದರ ಮೇಲೊಂದು ಟಿಫಿನ್ ಡಬ್ಬಿ.

"ಆ ಬ್ಯಾಗ್ ತೆಗೀರಮ್ಮ," ಅಂದೆ.

"ಯಾರಾದ್ರೂ ಬರ್ತಾರಾ ಮೇಡಂ?"

ಯಾರೂ ಬರುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. "ಸುಮ್ನೆ ತೆಗಿ," ಅಂದೆ. ಹುಡುಗಿ ತೆಗೆದಳು. ಆಮೇಲೆ ಇಡೀ ಗಂಟೆ ಆ ಖಾಲಿ ಜಾಗಕ್ಕೇ ಪಾಠ ಮಾಡಿದೆ.

ನನಗೆ ಆ ಪಾಠ ಕಲಿಸಿದ ಮೇಡಂ ನಿವೃತ್ತರಾದ ಮೇಲೂ ಪ್ರತಿವರ್ಷ ಅದೊಂದು ದಿನ ಬಂದು ಅಲ್ಲಿ ಕೂರುತ್ತಿದ್ದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ನಾನು ದೆವ್ವ ನಂಬುವವಳಲ್ಲ. ಆದರೂ ಸಮೀಕರಣ ಬರೆದು ತಿರುಗುವಾಗ ಬೆನ್ನ ಹಿಂದೆ ಒಂದು ದನಿ ಕಾಯುತ್ತಿದೆ ಅನ್ನಿಸುತ್ತದೆ. "ಹೊಗೆ ಎಲ್ಲಿ?" ಎಂದು ಕೇಳುವ ದನಿ.

ಎತ್ತರದ ಹೆಂಗಸು. ಗಂಜಿ ಹಾಕಿ ಇಸ್ತ್ರಿ ಮಾಡಿದ ಕಾಟನ್ ಸೀರೆ, ಕೈಗೆ ಗಂಡಸರ ವಾಚು. ಬೆರಳಿಗೆ ಪುಡಿ ಅಂಟಬಾರದೆಂದು ಸೀಮೆಸುಣ್ಣಕ್ಕೆ ಕಾಗದ ಸುತ್ತಿ ಹಿಡಿಯುತ್ತಿದ್ದರು. ಬೋರ್ಡು ಒರೆಸುವಾಗ ಮಾತ್ರ ಡಸ್ಟರ್ ಮರೆತು ಅಂಗೈಯಲ್ಲೇ ಒರೆಸಿಬಿಡುತ್ತಿದ್ದರು. ಪಾಠ ಮುಗಿಯುವ ಹೊತ್ತಿಗೆ ಸೀರೆಯ ಮೇಲೆ ಬೆಳ್ಳಗೆ ಐದು ಬೆರಳು ಮೂಡಿರುತ್ತಿದ್ದವು.

ನಮ್ಮದು ಮಂಡಕಳ್ಳಿ ಪಕ್ಕದ ಹಳ್ಳಿ. ಅಪ್ಪ ರಾಗಿ, ಹುರುಳಿ ಬೆಳೆಯುತ್ತಿದ್ದವರು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಜೀವ ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ನನಗೆ ಇದನ್ನು ಬಿಟ್ಟಿ ಕೊಡಲಿಲ್ಲ. ಹತ್ತನೇ ಕ್ಲಾಸಿನ ತನಕ ಕನ್ನಡ ಮೀಡಿಯಂನಲ್ಲಿ ಓದಿ, ಪಿಯುಸಿಗೆ ಸೈನ್ಸ್ ತಗೊಂಡು ಸಿಟಿ ಬಸ್ಸು ಹತ್ತಿ ಮೈಸೂರಿನ ಹೆಣ್ಣುಮಕ್ಕಳ ಕಾಲೇಜಿಗೆ ಬಂದಾಗ, ಮೊದಲ ತಿಂಗಳು ಅಲ್ಲಿ ಆಡುತ್ತಿದ್ದ ಇಂಗ್ಲಿಷ್ ಮಾತಲ್ಲಿ ಅರ್ಧ ನನಗೆ ಗೋಡೆಗೆ ಕಿವಿ ಕೊಟ್ಟ ಹಾಗಿತ್ತು. ಅರ್ಥವಾಗದೆ ಇರುವುದನ್ನು ಬಾಯಿಪಾಠ ಮಾಡಿಬಿಡುವುದು ಎಂದು ತೀರ್ಮಾನಿಸಿದ್ದೆ.

ಹಾಗಿರುವಾಗ ಒಂದು ದಿನ ಮೇಡಂ ಕ್ಲಾಸಿಗೆ ಬಂದು ಹಾಜರಿಯನ್ನೂ ಕೂಗದೆ ಕೇಳಿದರು: "ಒಂದು ಸೌದೆ ತುಂಡು ಪೂರ್ತಿ ಉರೀತು. ಕೊನೆಗೆ ಉಳಿದಿದ್ದು ಒಂದು ಹಿಡಿ ಬೂದಿ. ಮಿಕ್ಕಿದ್ದೆಲ್ಲ ಎಲ್ಲಿ ಹೋಯ್ತು?"

ನನಗೆ ಗೊತ್ತಿದ್ದ ವಿಷಯ! ಕೈ ಎತ್ತಿ ಎದ್ದು ನಿಂತೆ. ಇಂಗ್ಲಿಷ್ ಗಂಟಲಲ್ಲೇ ಸಿಕ್ಕಿಕೊಂಡಿತು.

"ಕನ್ನಡದಲ್ಲೇ ಹೇಳು. ಫಿಸಿಕ್ಸ್‌ಗೆ ಕನ್ನಡ ಬರುತ್ತೆ," ಅಂದರು.

"ಅದು ಶಕ್ತಿ ಆಗೋಯ್ತು ಮೇಡಂ. ಇ ಈಕ್ವಲ್ಸ್ ಎಂಸಿ ಸ್ಕ್ವೇರ್."

ಇಡೀ ಕ್ಲಾಸು ಹೌದು ಹೌದು ಎಂದು ತಲೆಯಾಡಿಸಿತು. ಮೇಡಂ ಮೇಜಿಗೆ ಒರಗಿ ನಿಂತರು.

"ನಿಮ್ಮನೇಲಿ ಸೌದೆ ಒಲೆನಾ?"

"ಹೂಂ ಮೇಡಂ."

"ಇವತ್ತು ಬೆಳಿಗ್ಗೆ ನಿಮ್ಮಮ್ಮ ಸೌದೆ ಉರಿಸಿದ್ರಾ?"

"ಉರಿಸಿದ್ರು ಮೇಡಂ."

"ಹಾಗಿದ್ರೆ ನಾವ್ಯಾರೂ ಇಲ್ಲಿ ಕೂತಿರಬಾರದಾಗಿತ್ತಲ್ಲೇ! ಒಂದೇ ಒಂದು ತುಂಡು ಸೌದೆ ನೀನು ಹೇಳಿದ ಹಾಗೆ ಪೂರ್ತಿ ಶಕ್ತಿ ಆಗಿದ್ರೆ ಮಂಡಕಳ್ಳಿನೂ ಇಲ್ಲ, ಮೈಸೂರೂ ಇಲ್ಲ. ನಿಧಾನವಾಗಿ ಆಯ್ತು ಅಂತಿಟ್ಕೊ, ದಸರಾ ದೀಪನೆಲ್ಲ ನಿನ್ನ ಮೊಮ್ಮಕ್ಕಳ ಕಾಲದ ತನಕ ಉರಿಸಬಹುದು. ನಿಮ್ಮಮ್ಮ ಆ ಶಕ್ತಿಯಲ್ಲಿ ಮಾಡಿದ್ದೇನು?"

"ಮುದ್ದೆ ಮೇಡಂ."

ಕ್ಲಾಸು ಬಿದ್ದುಬಿದ್ದು ನಕ್ಕಿತು. ನನಗೆ ಅಳು ಬರುವ ಹಾಗಾಯಿತು. ಮೇಡಂ ನಗಲಿಲ್ಲ. ಹತ್ತಿರ ಬಂದು, "ಹೊಗೆ ಎಲ್ಲಿ?" ಎಂದರು. "ಬೂದಿ ನೋಡಿದೆ, ಬೆಂಕಿ ನೋಡಿದೆ, ಹೊಗೆ ಬಿಟ್ಟುಬಿಟ್ಟೆ. ಸೌದೆಯಲ್ಲಿದ್ದದ್ದು ಗಾಳಿಯಲ್ಲಿದ್ದ ಆಮ್ಲಜನಕದ ಜೊತೆ ಸೇರ್ಕೊಂಡು ಮೇಲೆ ಹೋಗಿದೆ. ಕಣ್ಣಿಗೆ ಕಾಣೋ ಹೊಗೆ, ಕಾಣದೆ ಇರೋ ಅನಿಲ, ನೀರಿನ ಆವಿ. ಎಲ್ಲಾನೂ ಹಿಡಿದು ತೂಗಿದ್ರೆ ಸೌದೆಯ ತೂಕ, ಸೇರಿದ ಗಾಳಿಯ ತೂಕ ಎರಡೂ ಸಿಗುತ್ತೆ. ಕಣ್ಣಿಗೆ ಕಾಣಲಿಲ್ಲ ಅಂತ ಶಕ್ತಿಯ ಲೆಕ್ಕಕ್ಕೆ ಬರೆದುಬಿಡಬೇಡ. ಅದು ಸೋಮಾರಿಗಳ ಉತ್ತರ ಕಣಮ್ಮ."

ಸಂಜೆ ಮನೆಗೆ ಹೋದಾಗ ಅವ್ವ ಒಲೆ ಊದುತ್ತಿದ್ದಳು. "ಅವ್ವ, ಹೊಗೆ ಎಲ್ಲಿಗೆ ಹೋಯ್ತದೆ ಹೇಳು ನೋಡಾನ," ಎಂದೆ.

"ಎಲ್ಲಿಗೋಯ್ತದೆ? ನನ್ ಕಣ್ಗೋಯ್ತದೆ. ಬಂದ್ಬುಟ್ಲು ಕೇಳಕ್ಕೆ. ಆ ಊದುಗೊಳವೆ ಇಲ್ಲಿ ತಕ್ಕೊಡು."

ಮಾರನೇ ದಿನ ಇದನ್ನು ಹೇಳಿದಾಗ ಮೇಡಂ ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡುವ ಹಾಗೆ ನಕ್ಕರು. ಆಮೇಲೆ ಗಂಭೀರವಾಗಿ, "ನಿಮ್ಮಮ್ಮನ ಕಣ್ಣು ಈಗ ಹೇಗಿದೆ?" ಎಂದು ಕೇಳಿದರು. ಅವತ್ತಿನಿಂದ ನಾನು ಸಿಕ್ಕಾಗಲೆಲ್ಲ ಮೊದಲು ಅವ್ವನ ಕಣ್ಣು ವಿಚಾರಿಸುವರು, ಆಮೇಲೆ ಬೇರೆ ಮಾತು.

'ಹೊಗೆ ಎಲ್ಲಿ' ಎನ್ನುವುದು ಅವರ ಬಾಯಲ್ಲಿ ಎಲ್ಲದಕ್ಕೂ ಬರುತ್ತಿತ್ತು. ಪ್ರಯೋಗದ ಫಲಿತಾಂಶ ಪುಸ್ತಕದಲ್ಲಿರುವ ಉತ್ತರಕ್ಕೆ ಸರಿಯಾಗಿ ಹೊಂದಿಕೊಂಡರೆ ಅನುಮಾನದಿಂದ ನೋಡಿ "ಹೊಗೆ ಎಲ್ಲಿ?" ಅನ್ನುವರು. ಬಸ್ಸು ಕೆಟ್ಟಿತು ಎಂದು ತಡವಾಗಿ ಬಂದವಳ ಕೈಯಲ್ಲಿ ಚುರುಮುರಿ ಪೊಟ್ಟಣ ಇದ್ದರೆ, "ಬಸ್ಸು ಕೆಟ್ಟಿದ್ದು ಸರಿ, ಹೊಗೆ ಎಲ್ಲಿ?" ಅನ್ನುವರು. ಮೀಟಿಂಗಿನಲ್ಲಿ ಪ್ರಿನ್ಸಿಪಾಲರು ಎಲ್ಲ ಚೆನ್ನಾಗಿದೆ ಎಂದಾಗಲೂ ಹಿಂದಿನ ಸಾಲಿನಿಂದ ಅದೇ ಪ್ರಶ್ನೆ ಬರುತ್ತಿತ್ತಂತೆ.

ವರ್ಷಕ್ಕೊಮ್ಮೆ ಅವರು ಒಂದು ಪ್ರಯೋಗ ತೋರಿಸುತ್ತಿದ್ದರು. ದಪ್ಪ ಗಾಜಿನ ಜಾಡಿಯೊಳಗೆ ಒಂದು ಮೇಣದಬತ್ತಿ. ಬತ್ತಿಗೆ ಒಂದು ಬೆಂಕಿಕಡ್ಡಿ ಕಟ್ಟಿರುತ್ತಿತ್ತು. ಮುಚ್ಚಳ ಹಾಕಿ, ಸುತ್ತ ಮೇಣ ಮೆತ್ತಿ, ಒಳಗಿನದು ಹೊರಗೆ ಬಾರದ ಹಾಗೆ ಮಾಡಿ ತಕ್ಕಡಿಯ ಒಂದು ತಟ್ಟೆಯಲ್ಲಿಟ್ಟು ಸರಿದೂಗಿಸುವರು. ಆಮೇಲೆ ಕಿಟಕಿಯಿಂದ ಬೀಳುವ ಬಿಸಿಲನ್ನು ಭೂತಗನ್ನಡಿಯಲ್ಲಿ ಹಿಡಿದು ಗಾಜಿನ ಆಚೆಯಿಂದ ಕಡ್ಡಿಯ ತಲೆಗೆ ಬಿಡುವರು. ಕಡ್ಡಿ ಭಗ್ ಎಂದು ಹತ್ತಿಕೊಂಡು ಮೇಣದಬತ್ತಿ ಉರಿಯುತ್ತಿತ್ತು, ಸ್ವಲ್ಪ ಹೊತ್ತಿಗೆ ಆರುತ್ತಿತ್ತು. ಜಾಡಿಯೊಳಗೆ ಬೂದುಬಣ್ಣದ ಹೊಗೆ ಸುರುಳಿ ಸುತ್ತುತ್ತಿರುತ್ತಿತ್ತು. ತಕ್ಕಡಿಯ ಮುಳ್ಳು ಅಲುಗಿರುತ್ತಿರಲಿಲ್ಲ.

"ನೋಡಿದ್ರಾ? ಏನೂ ಕಳೆದುಹೋಗಲಿಲ್ಲ," ಅನ್ನುವರು. ನಾವು ತಲೆಯಾಡಿಸುವ ತನಕ ಕಾದು, "ಈಗ ನಾನು ಹೇಳಿದ್ದು ಸುಳ್ಳು," ಅನ್ನುವರು. "ಜಾಡಿ ಮುಟ್ಟಿ ನೋಡಿ. ಬಿಸಿ ಇದೆ. ಆ ಬಿಸಿ ಈಗ ಹೊರಗೆ ಹೋಗ್ತಿದೆ. ಉರೀವಾಗ ಬೆಳಕೂ ಹೊರಗೆ ಬಂತು, ನಿಮ್ಮ ಕಣ್ಣಿಗೆ ಬಿತ್ತು. ಹೊರಟುಹೋದ ಬಿಸಿಗೆ, ಬೆಳಕಿಗೆ ತಕ್ಕಷ್ಟು ಈ ಜಾಡಿ ಹಗುರ ಆಗಿದೆ. ಒಳಗೆ ಬಿಟ್ಟ ಬಿಸಿಲನ್ನೂ ಲೆಕ್ಕಕ್ಕೆ ತಗೊಂಡು ಹೇಳ್ತಿದ್ದೀನಿ. ನಮ್ಮ ತಕ್ಕಡಿಗೆ ಅದು ಗೊತ್ತಾಗಲ್ಲ, ಯಾವ ತಕ್ಕಡಿಗೂ ಗೊತ್ತಾಗಲ್ಲ. ಅಷ್ಟು ಸಣ್ಣದು. ಆದ್ರೆ ಹೋಗಿದ್ದಂತೂ ನಿಜ."

ಒಂದು ಹುಡುಗಿ, "ಹಾಗಾದ್ರೆ ಬಿಸಿ ಕಾಫಿ ಆರಿದ ಕಾಫಿಗಿಂತ ಭಾರನಾ ಮೇಡಂ?" ಎಂದು ತಮಾಷೆಗೆ ಕೇಳಿದಳು.

"ಹೌದು ಕಣೇ. ಅದೇ ಕಾಫಿ, ಅದೇ ಲೋಟ. ಒಂದು ಎಳ್ಳನ್ನ ಕೋಟಿ ಪಾಲು ಮಾಡಿದ್ರೆ ಅದರಲ್ಲೊಂದು ಪಾಲಷ್ಟು, ಬಿಸಿ ಇದ್ದಾಗ ಭಾರ ಜಾಸ್ತಿ."

ದ್ರವ್ಯರಾಶಿ ಶಕ್ತಿಯಾಗಿ 'ಬದಲಾಗುತ್ತದೆ' ಎಂದು ಬರೆದರೆ ಅವರಿಗೆ ಆಗುತ್ತಿರಲಿಲ್ಲ. "ಹಾಲನ್ನ ಬೂತ್‌ನಲ್ಲಿ ಲೀಟರ್ ಲೆಕ್ಕದಲ್ಲಿ ಕೊಡ್ತಾರೆ. ಖೋವಾ ಮಾಡೋನು ಅದನ್ನೇ ಕೆಜಿ ಲೆಕ್ಕದಲ್ಲಿ ತೂಗ್ತಾನೆ. ಹಾಲು ಬದಲಾಯ್ತಾ? ಅಳೆಯೋ ರೀತಿ ಬೇರೆ, ಅಷ್ಟೆ. ಬೆಳಕಿನ ವೇಗದ ವರ್ಗ ಅಂತ ಬರೀತೀರಲ್ಲ, ಅದು ಆ ಲೆಕ್ಕದಿಂದ ಈ ಲೆಕ್ಕಕ್ಕೆ ತರೋ ಒಂದು ದೊಡ್ಡ ಸಂಖ್ಯೆ. ಇಲ್ಲಿ ಶಕ್ತಿ ಹೋದ್ರೆ ಅದರ ಜೊತೆ ಅಷ್ಟು ದ್ರವ್ಯರಾಶಿನೂ ಎದ್ದು ಹೋಗುತ್ತೆ. ಒಂದನ್ನ ಬಿಟ್ಟು ಇನ್ನೊಂದು ಹೋಗಲ್ಲ." ಎಂ.ಎಸ್ಸಿ. ಮುಗಿಸಿದ ಮೇಲೂ ನನಗೆ ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ.

ಅವರ ಯಜಮಾನರು ಯಾವುದೋ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಮಾತು ಕಮ್ಮಿ. ಮಕ್ಕಳಿರಲಿಲ್ಲ. ಲಕ್ಷ್ಮೀಪುರಂನ ಮನೆಯಿಂದ ಹಳೇ ಸ್ಕೂಟರಿನಲ್ಲಿ ಮೇಡಂನ ಕರೆತಂದು ಗೇಟಿನಲ್ಲಿಳಿಸಿ ಫ್ಲಾಸ್ಕು ಕೈಗೆ ಕೊಡುವಾಗ ಒಂದು ಮಾತು ಹೇಳುತ್ತಿದ್ದರು: "ಬಿಸಿ ಇದೆ, ಭಾರ ಜಾಸ್ತಿ. ಹುಷಾರು." ಮೇಡಂ ನಕ್ಕು ಫ್ಲಾಸ್ಕನ್ನು ಎರಡೂ ಕೈಯಲ್ಲಿ ಎತ್ತಲಾರದವರ ಹಾಗೆ ಹಿಡಿಯುವರು. ಗೇಟಿನ ಪಕ್ಕ ನಿಂತ ನಾವೆಲ್ಲ ಬೇರೆ ಕಡೆ ನೋಡಿಕೊಂಡು ನಗುತ್ತಿದ್ದೆವು. ಗಂಡ ಹೆಂಡತಿ ಫಿಸಿಕ್ಸ್‌ನಲ್ಲೂ ಸರಸ ಆಡಬಹುದು ಎಂದು ನನಗೆ ಗೊತ್ತಾಗಿದ್ದು ಅಲ್ಲಿಯೇ.

ನಾನು ಓದು ಮುಗಿಸಿ, ಪರೀಕ್ಷೆ ಪಾಸು ಮಾಡಿ, ಅದೇ ಕಾಲೇಜಿಗೆ ಉಪನ್ಯಾಸಕಿಯಾಗಿ ಬಂದು ಅವರ ಪಕ್ಕದ ಕುರ್ಚಿಯಲ್ಲೇ ಕೂತೆ. ಎರಡನೇ ವರ್ಷವೋ ಮೂರನೆಯದೋ, ಅವರ ಯಜಮಾನರು ಹೃದಯಾಘಾತವಾಗಿ ಹೋಗಿಬಿಟ್ಟರು.

ನಾವು ಹೋದಾಗ ಗಾಡಿ ಹೊರಡಲು ಸಿದ್ಧವಾಗಿತ್ತು. ಮೇಡಂ ಚಪ್ಪಲಿ ಮೆಟ್ಟಿಕೊಂಡು ಗೇಟಿನ ತನಕ ಬಂದಿದ್ದರು. ವಿದ್ಯಾರಣ್ಯಪುರಂನಲ್ಲಿದ್ದ ಅವರ ಮೈದುನ, ಅಂದರೆ ಯಜಮಾನರ ತಮ್ಮ, ಅಡ್ಡ ಬಂದು ನಿಂತರು.

"ಅತ್ತಿಗೆ, ಬೇಡಿ. ನಮ್ಮಲ್ಲಿ ಹೆಂಗಸರು ಬರೋ ಪದ್ಧತಿ ಇಲ್ಲ."

ಪ್ರಿನ್ಸಿಪಾಲರಿಗೆ ಎದುರಾಡುವ ಮೇಡಂ ಅವತ್ತು ಏನೂ ಅನ್ನಲಿಲ್ಲ. ಗೇಟಿನ ಸರಳು ಹಿಡಿದು ನಿಂತರು. ಗಾಡಿ ತಿರುವಿನಲ್ಲಿ ಮರೆಯಾದ ಮೇಲೂ ಕೈ ಬಿಡಲಿಲ್ಲ. ನಾನೇ ಒಂದೊಂದೇ ಬೆರಳು ಬಿಡಿಸಿದೆ.

ಅಸ್ಥಿ ತಂದ ದಿನ ಮತ್ತೆ ಹೋಗಿದ್ದೆ. ಶ್ರೀರಂಗಪಟ್ಟಣಕ್ಕೆ ಒಯ್ದು ಹೊಳೆಗೆ ಬಿಡುವ ತನಕ ಅದನ್ನು ಮನೆಯೊಳಗೆ ತರುವಂತಿಲ್ಲ. ಬಟ್ಟೆ ಕಟ್ಟಿದ ಸಣ್ಣ ಮಡಕೆಯನ್ನು ಕಾಂಪೌಂಡಿನ ಸಂಪಿಗೆ ಮರದ ಕೊಂಬೆಗೆ ತೂಗುಹಾಕಿದ್ದರು. ಎಲ್ಲರೂ ಊಟಕ್ಕೆ ಒಳಗೆ ಹೋದಾಗ ಮೇಡಂ ಅದರ ಕೆಳಗೆ ಅಂಗೈ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದರು. ತಕ್ಕಡಿಯ ತಟ್ಟೆಯನ್ನು ಬೆರಳಿನಿಂದ ತಡವುವ ಹಾಗೆ.

"ಇಷ್ಟೇನಾ?" ಅಂದರು.



ಒಂದಷ್ಟು ದಿನದ ಮೇಲೆ ಕಾಲೇಜಿನಲ್ಲಿ ಅವರೇ ಮಾತು ತೆಗೆದರು. "ಅವತ್ತು ಆ ಮಡಕೆ ಎತ್ತಿದ್ನಲ್ಲ, ಆಗ ನನ್ನ ಮನಸ್ಸು ಕೊಟ್ಟ ಉತ್ತರ ಏನು ಗೊತ್ತಾ? 'ಮಿಕ್ಕಿದ್ದೆಲ್ಲ ಬೆಳಕಾಗಿ ಹೋಯ್ತು' ಅಂತ. ನೀನು ಪಿಯುಸಿಲಿ ಎದ್ದು ನಿಂತು ಹೇಳಿದ್ಯಲ್ಲ, ಅದೇ ತಪ್ಪು. ಇಷ್ಟು ವರ್ಷ ಎಷ್ಟು ಹುಡುಗೀರಿಗೆ ಬೈದಿದ್ದೀನಿ! ತಪ್ಪು ಅಂತ ಗೊತ್ತು, ಆದ್ರೂ ಬಿಡಕ್ಕಾಗ್ತಿಲ್ಲ ಕಣೇ."

"ಇರಲಿ ಬಿಡಿ ಮೇಡಂ. ಹಾಗೇ ಅಂದ್ಕೊಳ್ಳಿ," ಎಂದೆ.

ಸಿಟ್ಟು ಬಂತು ಅವರಿಗೆ. "ಏನು ಅಂದ್ಕೊಳ್ಳೋದು? ಲೆಕ್ಕ ಹಾಕಿ ನೋಡಿದ್ದೀನಿ. ಆ ಚಿತೆಯ ಸೌದೆ, ತುಪ್ಪ, ಅವರು, ಎಲ್ಲಾ ಸೇರಿ ಬಿಸಿಯಾಗಿ ಬೆಳಕಾಗಿ ಹೋಗಿದ್ದು ಒಂದು ಸಾಸಿವೆ ಕಾಳನ್ನ ಹತ್ತಾರು ಚೂರು ಮಾಡಿದ್ರೆ ಅದರಲ್ಲೊಂದು ಚೂರಿನಷ್ಟು. ಅಷ್ಟೇ ಬೆಳಕು. ಉಳಿದಿದ್ದು ಹೊಗೆ. ನಾನು ಹೊಗೆ ನೋಡಲಿಲ್ಲ. ನೋಡಿದ್ರೆ ನನ್ನ ಬುದ್ಧಿ ಒಪ್ಪಿಕೊಳ್ತಿತ್ತು."

ಆ ಹೊಗೆಯನ್ನು ಕಂಡವರಿಗಾಗಿ ಅವರು ಹುಡುಕಿದರು. ಸ್ಮಶಾನಕ್ಕೆ ಹೋಗಿದ್ದ ಒಬ್ಬೊಬ್ಬರನ್ನೂ ಕೇಳಿದರು. ಹೊಗೆ ಇತ್ತಾ, ಯಾವ ಬಣ್ಣ, ಗಾಳಿ ಎತ್ತ ಬೀಸುತ್ತಿತ್ತು. ಪಾಪ, ದುಃಖದಲ್ಲಿ ತಲೆ ಕೆಟ್ಟಿದೆ ಎಂದು ಅವರೆಲ್ಲ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಕೊಳ್ಳಿ ಇಟ್ಟವರು ಮೈದುನನೇ. ಒಂದು ದಿನ ಅವರು ನನ್ನ ಎದುರಿಗೇ ಬೇಸತ್ತು ಹೇಳಿಬಿಟ್ಟರು:

"ಅತ್ತಿಗೆ, ಎಷ್ಟು ಸಲ ಹೇಳ್ಲಿ? ಬೆಂಕಿ ಇಟ್ಟ ಮೇಲೆ ಯಾರಾದ್ರೂ ಹಿಂದಕ್ಕೆ ತಿರುಗಿ ನೋಡ್ತಾರಾ? ನೋಡಬಾರದು ಅಂತಾನೇ ಶಾಸ್ತ್ರ. ಇಟ್ವಿ, ಬೆನ್ನು ತಿರುಗಿಸಿದ್ವಿ, ಬಂದ್ವಿ."

"ಅಂದ್ರೆ ಯಾರೂ ನೋಡಲಿಲ್ಲ," ಅಂದರು ಮೇಡಂ.

"ಯಾರೂ ನೋಡಲಿಲ್ಲ."

ಅಂದಿನಿಂದ ಅವರು ಆ ಪಾಠ ಮಾಡಲಿಲ್ಲ. "ನೀನೇ ಮಾಡು. ನಾನು ಕೂತ್ಕೊಂಡು ಕೇಳ್ತೀನಿ," ಎಂದು ಕೊನೆಯ ಬೆಂಚಿಗೆ ಹೋದರು. ನಾನು ಜಾಡಿಯಲ್ಲಿ ಮೇಣದಬತ್ತಿ ಹಚ್ಚಿದಾಗ ಹುಡುಗಿಯರೆಲ್ಲ ಉರಿ ನೋಡುತ್ತಿದ್ದರು. ಮೇಡಂ ಆರಿದ ಮೇಲಿನ ಹೊಗೆಯನ್ನು ನೋಡುತ್ತಿದ್ದರು. ಅದು ಗಾಜಿಗೆ ತಗುಲಿ, ಜಾರಿ, ಕರಗಿಹೋಗುವ ತನಕ. ಮುಗಿದ ಮೇಲೆ, "ಚೆನ್ನಾಗಿ ಮಾಡಿದೆ. ಬೇಗ ಮುಗಿಸಿಬಿಟ್ಟೆ," ಅನ್ನುವರು. ಪ್ರತಿವರ್ಷವೂ ಅದೇ ಮಾತು. ನಾನೆಷ್ಟೇ ನಿಧಾನ ಮಾಡಿದರೂ ಅವರಿಗೆ ಅದು ಬೇಗವೇ.

ನಿವೃತ್ತರಾದ ಮೇಲೆ ಅವರ ಮನೆಗೆ ಆಗಾಗ ಹೋಗುತ್ತಿದ್ದೆ. ಹೊಲದಿಂದ ಅವ್ವ ಕಿತ್ತು ಕೊಟ್ಟ ದಂಟಿನ ಸೊಪ್ಪು ಒಯ್ದಿದ್ದೆ ಒಮ್ಮೆ. ಕಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಕೂತರು.

"ನಾನು ಸೊಪ್ಪು ತಿನ್ನೋದು ಬಿಟ್ಟೆ ಕಣಮ್ಮ."

"ಯಾಕೆ ಮೇಡಂ? ಡಾಕ್ಟ್ರು ಹೇಳಿದ್ರಾ?"

"ಇಲ್ಲ. ಹೊಗೆ ಎಲ್ಲಿಗೆ ಹೋಗುತ್ತೆ? ಗಾಳಿಗೆ. ಗಾಳಿಯಿಂದ? ಎಲೆಗೆ. ಎಲೆ ಮೈಯೆಲ್ಲ ಗಾಳಿಯಿಂದಲೇ ಮಾಡ್ಕೊಳ್ಳೋದು. ಅವರಿಗೆ ದಂಟಿನ ಸೊಪ್ಪಿನ ಹುಳಿ ಅಂದ್ರೆ ಪ್ರಾಣ. ಈಗ ನಾನು ಹೆಚ್ಚೋದಕ್ಕೆ ಕೂತ್ರೆ..." ಅಲ್ಲಿಗೇ ನಿಲ್ಲಿಸಿದರು.

ಏನಾದರೂ ಹೇಳಬೇಕಲ್ಲ ಎಂದು, "ಒಂಥರಾ ಸಮಾಧಾನವೇ ಅಲ್ವಾ ಮೇಡಂ, ಎಲ್ಲಾ ಕಡೆ ಇದ್ದಾರೆ ಅಂದ್ಕೊಂಡ್ರೆ," ಅಂದೆ.

"ಸಮಾಧಾನನಾ?" ಎಂದು ನನ್ನ ಮುಖ ನೋಡಿದರು. "ನಾನು ಎಳ್ಕೊಳ್ಳೋ ಒಂದೊಂದು ಉಸಿರಲ್ಲೂ ಅವರದ್ದೊಂದು ಕಣ ಇದ್ದೇ ಇರುತ್ತೆ. ಇದು ಕಥೆ ಅಲ್ಲ, ಲೆಕ್ಕ. ಎಲ್ಲಾ ಕಡೆ ಇರೋದು, ಎಲ್ಲೂ ಕೈಗೆ ಸಿಗದೆ ಇರೋದು. ದೆವ್ವ ಅಂದ್ರೆ ಇನ್ನೇನೇ?"

ಸೊಪ್ಪಿನ ಕಟ್ಟನ್ನು ಕೆಳಗಿಟ್ಟು ಮತ್ತೆ ಹೇಳಿದರು: "ನಿಜವಾಗ್ಲೂ ಹೊರಟುಹೋಗಿರೋದು ಆ ಒಂದು ಚೂರು ಮಾತ್ರ. ಅದು ನಿಂತಿಲ್ಲ. ಇವತ್ತಿಗೂ ಹೋಗ್ತಾನೇ ಇದೆ, ನಕ್ಷತ್ರದ ಕಡೆಗೆ."

ಅವತ್ತು ಹೊರಡುವಾಗ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡರು. ನೆಟ್ಟಗೆ ಕೇಳಿದರು, ನಾಳೆ ಬರುವಾಗ ಹಾಲು ತಾ ಎನ್ನುವ ಹಾಗೆ. "ನಾನು ಹೋದಾಗ ನೀನು ಬರಬೇಕು. ಎಲ್ಲಾ ವಾಪಸ್ಸು ಹೊರಟ ಮೇಲೆ ನಿಂತ್ಕೋಬೇಕು. ನಿಂತು ನೋಡಬೇಕು. ಅವರದ್ದನ್ನ ಯಾರೂ ನೋಡಲಿಲ್ಲ. ನನ್ನದನ್ನಾದ್ರೂ ಒಬ್ಬರು ನೋಡಿರಬೇಕು. ಆಗುತ್ತಾ ನಿನ್ನ ಕೈಲಿ?"

ಆಗುತ್ತೆ ಎಂದೆ. ಅವರು ಕೈ ಬಿಟ್ಟರು.

ಸುದ್ದಿ ಬಂದ ಬೆಳಿಗ್ಗೆ ಅವ್ವನಿಗೆ ಫೋನು ಮಾಡಿ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿದೆ.

"ಹೆಣ್ಮಗ್ಳು ಸುಡುಗಾಡ್ಗೋಯ್ತಾಳಾ? ಎಲ್ಲಾರಾ ಉಂಟಾ?"

"ಮಾತು ಕೊಟ್ಬುಟ್ಟಿದ್ದೀನಿ ಕಣವ್ವ."

"ನನ್ ಕಣ್ಣ ಕೇಳೋರಲ್ವಾ ಆಯಮ್ಮ," ಅಂದಳು. "ಓಗು. ತಲೆ ಮೇಲೆ ಸೆರಗಾಕ್ಕೋ, ಬಿಸ್ಲು."

ಲಕ್ಷ್ಮೀಪುರಂನ ಅದೇ ಗೇಟು. ಅದೇ ಮೈದುನ, ಈಗ ಮುದುಕರು, ಒದ್ದೆ ಪಂಚೆ ಉಟ್ಟಿದ್ದರು. ಕ್ರಿಯೆ ಮಾಡುವವರು ಈ ಸಲವೂ ಅವರೇ. ನಾನು ಗಾಡಿಯ ಹತ್ತಿರ ಹೋದಾಗ ತಡೆದರು.

"ನಮ್ಮಲ್ಲಿ ಹೆಂಗಸರು ಬರೋ ಪದ್ಧತಿ ಇಲ್ಲಮ್ಮ."

"ಗೊತ್ತು ಸರ್. ಮೇಡಂ ಬಾ ಅಂದಿದ್ರು."

"ಯಾಕೆ?"

"ಎಲ್ಲಾ ಹೋದ ಮೇಲೆ ನಿಂತು ನೋಡು ಅಂತ."

ಅವರಿಗೆ ಅರ್ಥವಾಯಿತು. ಮುಖ ಬಾಡಿತು. "ಅತ್ತಿಗೆ ಅದನ್ನ ಬಿಡಲೇ ಇಲ್ವಾ?" ಎಂದು ತಮಗೆ ತಾವೇ ಅಂದುಕೊಂಡರು. ನಾನು ಅಲ್ಲಿಂದ ಕದಲಲಿಲ್ಲ. ಇಷ್ಟು ವರ್ಷ ಓದಿ, ಎಲ್ಲಾ ಗೇಟುಗಳಲ್ಲೂ ನಿಂತು ಕಾದು ಬಂದವಳು. ಈ ಗೇಟಿನಲ್ಲಿ ವಾಪಸ್ಸು ಹೋಗುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ. ಕೊನೆಗೆ ಅವರು, "ಬಾ. ದೂರ ನಿಂತ್ಕೋ," ಅಂದರು.

ಬೆಟ್ಟದ ತಪ್ಪಲಿನ ಸ್ಮಶಾನದಲ್ಲಿ ಮಧ್ಯಾಹ್ನದ ಬಿಸಿಲು ಸುಡುತ್ತಿತ್ತು. ನಾನು ಹೊಂಗೆ ಮರದ ನೆರಳಿನಲ್ಲಿ ನಿಂತೆ. ಮಂತ್ರ ಮುಗಿಯಿತು. ಮೈದುನ ಹೆಗಲ ಮೇಲಿನ ಗಡಿಗೆಯನ್ನು ಹಿಂದಕ್ಕೆ ಬಿಟ್ಟು ಒಡೆದು, ಬೆಂಕಿ ಇಟ್ಟು, ಬೆನ್ನು ತಿರುಗಿಸಿದರು. ಪುರೋಹಿತರು "ತಿರುಗಿ ನೋಡಬೇಡಿ, ನಡೀರಿ ನಡೀರಿ," ಎಂದು ಎಲ್ಲರನ್ನೂ ಮುಂದೆ ಹೊರಡಿಸಿಕೊಂಡು ಹೋದರು. ಮೈದುನ ಎಲ್ಲರಿಗಿಂತ ಹಿಂದೆ, ನಿಧಾನವಾಗಿ ನಡೆಯುತ್ತ ನನ್ನನ್ನು ದಾಟಿಹೋದರು. ನಾನು ನೋಡುತ್ತ ನಿಂತೆ.

ನೋಡಿದ್ದನ್ನು ಇದ್ದ ಹಾಗೇ ಹೇಳಬೇಕು, ಹಾಗೆ ಕಲಿಸಿದ್ದಾರೆ. ಮೊದಲು ಸ್ವಲ್ಪ ಹೊಗೆ ಬಂತು, ಬೆಳ್ಳಗೆ. ಸೌದೆ ಚೆನ್ನಾಗಿ ಒಣಗಿತ್ತು, ತುಪ್ಪ ಸುರಿದಿದ್ದರು, ಗಾಳಿ ಹದವಾಗಿತ್ತು. ಉರಿ ಹತ್ತಿಕೊಂಡ ಮೇಲೆ ಹೊಗೆ ನಿಂತೇಹೋಯಿತು. ಆ ಬಿಸಿಲಿನಲ್ಲಿ ಉರಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ಚಿತೆಯ ಮೇಲಿನ ಗಾಳಿ ಮಾತ್ರ ನಡುಗುತ್ತಿತ್ತು. ಅದರ ಆಚೆಗಿದ್ದ ತೆಂಗಿನ ಮರ, ಗೋಡೆ, ಗೋಡೆಯ ಮೇಲೆ ಕೂತ ಕಾಗೆ, ಎಲ್ಲವೂ ನೀರಿನೊಳಗಿಂದ ನೋಡಿದ ಹಾಗೆ ಅಲುಗುತ್ತಿದ್ದವು. ನೋಡು ಎಂದು ನನ್ನನ್ನು ನಿಲ್ಲಿಸಿದವರು ನನ್ನ ಕಣ್ಣೆದುರೇ ಕಣ್ಣಿಗೆ ಕಾಣದ ಹಾಗೆ ಹೋಗುತ್ತಿದ್ದರು. ನನಗೆ ಭಯವಾಯಿತು. ಆದರೂ ಕಣ್ಣು ತೆಗೆಯಲಿಲ್ಲ.

ಹಿಂದೆ ಹೆಜ್ಜೆಯ ಸದ್ದು ನಿಂತದ್ದು ತಿಳಿಯಿತು. ಮೈದುನ ಗೇಟಿನ ತನಕ ಹೋಗಿರಲಿಲ್ಲ. ನನಗೆ ಬೆನ್ನು ಹಾಕಿಕೊಂಡೇ ಕೇಳಿದರು.

"ಏನಾದ್ರೂ ಕಾಣ್ತಿದ್ಯೇನಮ್ಮ?"

"ಹೊಗೆ ಇಲ್ಲ ಸರ್. ಗಾಳಿ ನಡುಗ್ತಿದೆ, ಅಷ್ಟೇ."

"ಅಷ್ಟೇನಾ?"

"ಅಷ್ಟೇ. ಆದ್ರೆ ಬಹಳ ಎತ್ತರದ ತನಕ ನಡುಗ್ತಿದೆ."

ಆಚೆಯಿಂದ ಪುರೋಹಿತರು ಅವರನ್ನು ಕೂಗಿದರು. ಅವರು ಓಗೊಡಲಿಲ್ಲ. ಒದ್ದೆ ಪಂಚೆಯಿಂದ ನೀರು ತೊಟ್ಟಿಕ್ಕುತ್ತಿತ್ತು. 'ಸ್ವಾಮೀ, ಬೇಡಿ' ಎಂದು ಪುರೋಹಿತರು ಇನ್ನೊಮ್ಮೆ ಕೂಗುವಷ್ಟರಲ್ಲಿ ಅವರು ತಿರುಗಿಬಿಟ್ಟಿದ್ದರು. ನನ್ನ ಪಕ್ಕಕ್ಕೆ ಬಂದು ನಿಂತರು. ಕೈ ಅಡ್ಡ ಹಿಡಿದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಆ ನಡುಗುವ ಗಾಳಿಯನ್ನು ಬುಡದಿಂದ ಮೇಲಿನ ತನಕ ನೋಡಿದರು. ಎಷ್ಟು ಹೊತ್ತು ನೋಡಿದರೋ.

ಆಮೇಲೆ ಮೆಲ್ಲಗೆ ಕೇಳಿದರು.

"ಅವತ್ತು ಅಣ್ಣಂದೂ ಹಿಂಗೇ ಇತ್ತಾಮ್ಮ?"

ಅವತ್ತು ಇಲ್ಲಿದ್ದವರು ಅವರು. ಕೇಳುತ್ತಿರುವುದು ನನ್ನನ್ನು.